ಮಾಸ್ಟರಿಂಗ್‌ಗೆ ಸಲಕರಣೆ ಕೊಳ್ಳುವ ಕ್ರಮ: ಕೋಣೆಯಿಂದ ತಂತ್ರಾಂಶದವರೆಗೆ

ಹಾಡುಗಳ ಮಿಕ್ಸಿಂಗ್ (ಬೇರೆ ಬೇರೆ ಟ್ರ್ಯಾಕುಗಳನ್ನು ಬೆರೆಸುವುದು) ಮತ್ತು ಮಾಸ್ಟರಿಂಗ್ (ಬೆರೆಸಿದ ಹಾಡನ್ನು ಬಿಡುಗಡೆಗೆ ಕೊನೆಯದಾಗಿ ಹದಗೊಳಿಸುವುದು) ಕೆಲಸಕ್ಕೆ ಸಲಕರಣೆ ಕೊಳ್ಳಲು ಹೊರಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ತಂತ್ರಾಂಶ ಒಳ್ಳೆಯದು ಎಂದು. ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾಸ್ಟರಿಂಗ್ ಸಣ್ಣ ಸಣ್ಣ ತೀರ್ಮಾನಗಳ ಕೆಲಸ: 200 ಹರ್ಟ್ಜ್ ಆಸುಪಾಸಿನಲ್ಲಿ ಒಂದು ಡೆಸಿಬೆಲ್ ತಗ್ಗಿಸಬೇಕೇ, ಗಾಯಕಿಯ ಸಕಾರ ಕಿವಿಗೆ ಚುಚ್ಚುತ್ತಿದೆಯೇ, ಮೂರನೆಯ ಹಾಡು ಎರಡನೆಯದಕ್ಕಿಂತ ಮಂಕಾಗಿದೆಯೇ ಎಂಬಂಥವು. ಇವೆಲ್ಲವನ್ನೂ ಕಿವಿಯೇ ನಿರ್ಧರಿಸಬೇಕು. ಕಿವಿಗೆ ತಲುಪುವ ಧ್ವನಿಯೇ ತಪ್ಪಾಗಿದ್ದರೆ, ಎಷ್ಟು ಒಳ್ಳೆಯ ಪ್ಲಗಿನ್ (ಮುಖ್ಯ ತಂತ್ರಾಂಶಕ್ಕೆ ಸೇರಿಸುವ ಕಿರು ತಂತ್ರಾಂಶ) ಇದ್ದರೂ ನಿರ್ಧಾರ ತಪ್ಪುತ್ತದೆ.

ಇದನ್ನು ನಾನು ಕಲಿತದ್ದು ತಡವಾಗಿ. ಆರಂಭದಲ್ಲಿ ಹೆಚ್ಚುಕಡಿಮೆ ಚೌಕಾಕಾರದ ಚಿಕ್ಕ ಕೋಣೆಯೊಂದರ ನಟ್ಟನಡುವೆ ಕುರ್ಚಿ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. ಅಲ್ಲಿ ಬೇಸ್ ಸಾಲದು ಎನಿಸಿ ಏರಿಸುತ್ತಿದ್ದೆ. ಅದೇ ಹಾಡನ್ನು ಕಾರಿನಲ್ಲಿ ಕೇಳಿದಾಗ ಎಲ್ಲವೂ ಗುಮ್ಮೆನ್ನುತ್ತಿತ್ತು. ಪರಿಹಾರವೆಂದು ಬೇಕಾದ ಕಂಪನಾಂಕವನ್ನು ಏರಿಳಿಸುವ ಒಂದು ಈಕ್ವಲೈಸರ್ ಪ್ಲಗಿನ್ ಕೊಂಡೆ, ಆಮೇಲೆ ಜೋರು-ಮೆಲುದನಿಗಳ ಅಂತರ ತಗ್ಗಿಸುವ ಒಂದು ಕಂಪ್ರೆಸರ್ ಕೊಂಡೆ, ಎರಡರಿಂದಲೂ ಪ್ರಯೋಜನವಾಗಲಿಲ್ಲ. ಕುರ್ಚಿಯನ್ನು ಕೋಣೆಯ ನಡುವಿನಿಂದ ಮುಂದಕ್ಕೆ ಸರಿಸಿದ ದಿನ ಅರ್ಧ ಸಮಸ್ಯೆ ಬಗೆಹರಿಯಿತು. ಆದ್ದರಿಂದ ಈ ಬರಹದಲ್ಲಿ ಕೋಣೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ, ತಂತ್ರಾಂಶವನ್ನು ಕೊನೆಗೆ ಇಟ್ಟಿದ್ದೇನೆ.

ಅದಕ್ಕೂ ಮುಂಚೆ ನೀವು ಮಾಡುವ ಕೆಲಸ ಯಾವುದೆಂದು ಖಚಿತಪಡಿಸಿಕೊಳ್ಳಬೇಕು. ಧ್ವನಿಮುದ್ರಣ, ಮಿಕ್ಸಿಂಗ್, ಮಾಸ್ಟರಿಂಗ್ ಮೂರೂ ಬೇರೆ ಬೇರೆ ಕೆಲಸಗಳು, ಅವು ಬೇಡುವ ಸಲಕರಣೆಯೂ ಬೇರೆ. ಧ್ವನಿಮುದ್ರಣಕ್ಕೆ ಮೈಕು, ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಪ್ರೀಆಂಪ್, ಮೈಕು ಮತ್ತು ಸ್ಪೀಕರನ್ನು ಕಂಪ್ಯೂಟರಿಗೆ ಜೋಡಿಸುವ ಕಡಿಮೆ ವಿಳಂಬದ ಇಂಟರ್‌ಫೇಸ್ ಮುಖ್ಯ. ಹತ್ತಾರು ಟ್ರ್ಯಾಕುಗಳನ್ನು ಒಟ್ಟಿಗೆ ನಡೆಸಬೇಕಾದ ಮಿಕ್ಸಿಂಗ್‌ಗೆ ಕಂಪ್ಯೂಟರಿನ ಬಲ ಬೇಕು. ಮಾಸ್ಟರಿಂಗ್‌ನಲ್ಲಿ ಎದುರಿಗಿರುವುದು ಬಹುಪಾಲು ಒಂದೇ ಒಂದು ಸ್ಟೀರಿಯೊ ಕಡತ. ಅದಕ್ಕೆ ದೊಡ್ಡ ಯಂತ್ರ ಬೇಡ, ನಿಖರವಾಗಿ ಕೇಳುವ ಮತ್ತು ಅಳೆಯುವ ವ್ಯವಸ್ಥೆ ಬೇಕು. ಎಲ್ಲ ವಾದ್ಯಗಳನ್ನೂ ಕಂಪ್ಯೂಟರಿನೊಳಗೇ ನುಡಿಸುವವರು ಎಂಟು ಮೈಕು ಸೇರಿಸುವ ಇಂಟರ್‌ಫೇಸ್ ಕೊಂಡರೆ ಆ ಹಣ ಸ್ಪೀಕರಿಗೆ ಸಿಗದೆ ಹೋಗುತ್ತದೆ.

ಕೋಣೆ ಮತ್ತು ಸ್ಪೀಕರ್

ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಎದುರುಬದುರಾದ ಎರಡು ಗೋಡೆಗಳ ನಡುವೆ ಅರ್ಧ ತರಂಗ ಸರಿಯಾಗಿ ಕೂರುವ ಕಂಪನಾಂಕದಲ್ಲಿ ಕೋಣೆ ತಾನೇ ಅನುರಣಿಸತೊಡಗುತ್ತದೆ. ಲೆಕ್ಕ ಸರಳ: 343ನ್ನು ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಬೇಕು. ಅಂತರ 3.4 ಮೀಟರ್ ಇದ್ದರೆ ಉತ್ತರ ಸುಮಾರು 50 ಹರ್ಟ್ಜ್. ಅದರ ಗುಣಕಗಳಾದ 100, 150 ಹರ್ಟ್ಜ್‌ನಲ್ಲೂ ಹೀಗೇ ಆಗುತ್ತದೆ. ಈ 50 ಹರ್ಟ್ಜ್ ಧ್ವನಿ ಗೋಡೆಯ ಬಳಿ ಅತಿ ಜೋರಾಗಿಯೂ ಕೋಣೆಯ ನಡುವೆ ಬಹುತೇಕ ಇಲ್ಲವೇ ಇಲ್ಲ ಎಂಬಂತೆಯೂ ಕೇಳಿಸುತ್ತದೆ. ನಾನು ಕುಳಿತಿದ್ದ ಜಾಗದಲ್ಲಿ ಬೇಸ್ ಕಾಣೆಯಾಗಿದ್ದುದಕ್ಕೆ ಕಾರಣ ಇದೇ. ಉದ್ದ ಅಗಲಗಳು ಸಮನಾಗಿದ್ದರೆ ಎರಡು ಅನುರಣನಗಳು ಒಂದೇ ಕಂಪನಾಂಕದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಚೌಕ ಕೋಣೆ ಈ ಕೆಲಸಕ್ಕೆ ಒಗ್ಗದಿರುವುದು ಅದರಿಂದಲೇ. ಆಯ್ಕೆ ಇದ್ದರೆ ಆಯತಾಕಾರದ, ಆದಷ್ಟು ದೊಡ್ಡ ಕೋಣೆಯನ್ನು ಹಿಡಿಯಿರಿ.

ಸ್ಪೀಕರುಗಳನ್ನು ಕೋಣೆಯ ಅಗಲ ಕಡಿಮೆಯಿರುವ ಗೋಡೆಯ ಕಡೆಗಿಟ್ಟು, ಧ್ವನಿ ಉದ್ದಕ್ಕೆ ಹರಿಯುವಂತೆ ಮಾಡಿ. ಎಡಬಲದ ಗೋಡೆಗಳು ಸಮಾನ ದೂರದಲ್ಲಿರಲಿ, ಇಲ್ಲವಾದರೆ ಸ್ಟೀರಿಯೊ ಚಿತ್ರ ಒಂದು ಕಡೆಗೆ ವಾಲುತ್ತದೆ. ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನದ ಮೂರು ಮೂಲೆಗಳಾಗಲಿ, ಟ್ವೀಟರ್ (ಸ್ಪೀಕರಿನಲ್ಲಿ ತಾರದ ಧ್ವನಿ ಹೊರಡಿಸುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕೆ ಬರಲಿ. ಕುಳಿತುಕೊಳ್ಳುವ ಜಾಗಕ್ಕೆ ಮುಂದಿನ ಗೋಡೆಯಿಂದ ಕೋಣೆಯ ಉದ್ದದ ಶೇಕಡಾ 38ರಷ್ಟು ದೂರ ಎಂಬ ಸೂತ್ರ ಬಳಕೆಯಲ್ಲಿದೆ. ಅದನ್ನು ಆರಂಭದ ಜಾಗವೆಂದು ತಿಳಿದು, ಅಲ್ಲಿಂದ ಒಂದೊಂದು ಗೇಣು ಹಿಂದೆ ಮುಂದೆ ಸರಿದು ಕೇಳಿ ನೋಡಬೇಕು.

ಸ್ಪೀಕರು ತನ್ನ ಬೆನ್ನ ಹಿಂದಿನ ಗೋಡೆಯಿಂದ ಎಷ್ಟು ದೂರವಿರಬೇಕು ಎಂಬುದರ ಬಗ್ಗೆ ಗೊಂದಲ ಹೆಚ್ಚು. ಮಂದ್ರ ಧ್ವನಿ ಸ್ಪೀಕರಿನ ಸುತ್ತಲೂ ಹರಡಿ, ಹಿಂದಿನ ಗೋಡೆಗೆ ಬಡಿದು ಮರಳಿ ಬರುವಾಗ, ತರಂಗದ ಕಾಲು ಭಾಗ ಆ ಅಂತರಕ್ಕೆ ಸಮನಾಗುವ ಕಂಪನಾಂಕದಲ್ಲಿ ನೇರ ಧ್ವನಿಯನ್ನು ಕುಂದಿಸುತ್ತದೆ. ಅಂತರ ಒಂದು ಮೀಟರ್ ಇದ್ದರೆ ಈ ಕುಳಿ ಬೀಳುವುದು 86 ಹರ್ಟ್ಜ್ ಬಳಿ, ಅಂದರೆ ಬೇಸ್‌ನ ಹೃದಯಭಾಗದಲ್ಲಿ. ಅಂತರವನ್ನು 30 ಸೆಂಟಿಮೀಟರಿಗೆ ಇಳಿಸಿದರೆ ಕುಳಿ 286 ಹರ್ಟ್ಜ್‌ಗೆ ಏರುತ್ತದೆ. ಅಲ್ಲಿ ಅದನ್ನು ಸಾಧಾರಣ ದಪ್ಪದ ಹೀರುಫಲಕದಿಂದಲೇ ಹತೋಟಿಗೆ ತರಬಹುದು. ಹೀಗಾಗಿ ಚಿಕ್ಕ ಕೋಣೆಯಲ್ಲಿ ಸ್ಪೀಕರನ್ನು ಗೋಡೆಗೆ ಹತ್ತಿರವಿಟ್ಟು, ಅದರಿಂದ ಹೆಚ್ಚುವ ಬೇಸನ್ನು ಸ್ಪೀಕರಿನ ಹಿಂಬದಿಯ ಸ್ವಿಚ್ಚಿನಿಂದ ತಗ್ಗಿಸುವುದು ಬಹುತೇಕ ಸಲ ಒಳ್ಳೆಯ ಫಲ ಕೊಡುತ್ತದೆ.

ಇನ್ನು ಗೋಡೆಗೆ ಅಂಟಿಸುವ ತೆಳು ಫೋಮಿನ ವಿಚಾರ. 100 ಹರ್ಟ್ಜ್ ಧ್ವನಿಯ ತರಂಗ 3.4 ಮೀಟರಿಗೂ ಉದ್ದ, ಅದರ ಕಾಲು ಭಾಗವೇ 86 ಸೆಂಟಿಮೀಟರ್. ಮೂರ್ನಾಲ್ಕು ಸೆಂಟಿಮೀಟರ್ ದಪ್ಪದ ಫೋಮು ಇದರ ಮೇಲೆ ಏನೂ ಪರಿಣಾಮ ಬೀರದು. ಅದು ಹೀರುವುದು ತಾರದ ಧ್ವನಿಗಳನ್ನು ಮಾತ್ರ. ಕೋಣೆಯ ತುಂಬ ಫೋಮು ಹಚ್ಚಿದವರಿಗೆ ಸಿಗುವುದು ತಾರದಲ್ಲಿ ಸತ್ತ, ಮಂದ್ರದಲ್ಲಿ ಗುಡುಗುವ ಕೋಣೆ. ಗ್ಲಾಸ್ ವೂಲ್ ಅಥವಾ ರಾಕ್ ವೂಲ್ ತುಂಬಿದ, ಕನಿಷ್ಠ 10 ಸೆಂಟಿಮೀಟರ್ ದಪ್ಪದ ಚೌಕಟ್ಟುಗಳನ್ನು ಮಾಡಿಸಿ, ಬಟ್ಟೆ ಹೊದಿಸಿ, ಗೋಡೆಯಿಂದ ಅಷ್ಟೇ ಅಂತರ ಬಿಟ್ಟು ನಿಲ್ಲಿಸಿ. ಮೊದಲು ಮೂಲೆಗಳಿಗೆ, ಆಮೇಲೆ ಧ್ವನಿ ಮೊದಲ ಬಾರಿಗೆ ಪುಟಿಯುವ ಪಕ್ಕದ ಗೋಡೆಗಳಿಗೂ ಮೇಲ್ಛಾವಣಿಗೂ ಇಡಬೇಕು. ಆ ಜಾಗ ಹುಡುಕಲು ಒಬ್ಬರು ಕನ್ನಡಿ ಹಿಡಿದು ಗೋಡೆಗುಂಟ ಸರಿಯಲಿ. ಕುಳಿತವರಿಗೆ ಕನ್ನಡಿಯಲ್ಲಿ ಸ್ಪೀಕರು ಕಾಣಿಸುವಲ್ಲಿ ಗುರುತು ಹಾಕಿ.

ಇಷ್ಟಾದ ಮೇಲೆ ಅಳತೆ. ರೂಮ್ ಈಕ್ಯೂ ವಿಝಾರ್ಡ್ ಎಂಬ ತಂತ್ರಾಂಶ ಉಚಿತ. ಅದಕ್ಕೆ ಯುಮಿಕ್-1ರಂಥ ಅಳತೆಯ ಮೈಕು ಸೇರಿಸಿದರೆ ನೀವು ಕುಳಿತ ಜಾಗದಲ್ಲಿ ಯಾವ ಕಂಪನಾಂಕ ಎಷ್ಟು ಏರಿದೆ, ಎಷ್ಟು ಕಾಲ ಉಳಿಯುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಉಬ್ಬುಗಳನ್ನು ತಿದ್ದುಪಡಿ ತಂತ್ರಾಂಶದಿಂದ ತಗ್ಗಿಸಬಹುದು. ಕುಳಿಗಳನ್ನು ಹಾಗೆ ತುಂಬಲಾಗದು: ಅಲ್ಲಿ ಧ್ವನಿ ಹೆಚ್ಚಿಸಿದಷ್ಟೂ ಅದನ್ನು ಕುಂದಿಸುವ ಪ್ರತಿಫಲನವೂ ಹೆಚ್ಚುತ್ತದೆ.

ಸ್ಪೀಕರಿನ ಗಾತ್ರ ಕೋಣೆಗೆ ತಕ್ಕಂತಿರಬೇಕು. ಎಂಟು ಇಂಚಿನ ವೂಫರ್ (ಮಂದ್ರ ಧ್ವನಿ ಹೊರಡಿಸುವ ದೊಡ್ಡ ಭಾಗ) ಸರಿಪಡಿಸದ ಚಿಕ್ಕ ಕೋಣೆಯಲ್ಲಿ ಕೋಣೆಯ ದೋಷವನ್ನೇ ಜೋರಾಗಿ ಕೇಳಿಸುತ್ತದೆ; ಅಲ್ಲಿ ಐದು ಇಂಚಿನದೇ ಹೆಚ್ಚು ನಂಬಿಕೆಗೆ ಅರ್ಹ. ಜೆನೆಲೆಕ್, ನಾಯ್ಮನ್, ಆಡಮ್, ಯಮಹಾ ಇವುಗಳ ನಡುವೆ ಆರಿಸುವಾಗ ವ್ಯಾಟ್‌ಗಳ ಲೆಕ್ಕ ಬಿಟ್ಟು, ನೂರು ಬಾರಿ ಕೇಳಿ ಬಲ್ಲ ನಾಲ್ಕೈದು ಹಾಡುಗಳನ್ನು ತೆಗೆದುಕೊಂಡು ಹೋಗಿ ಮೆಲುದನಿಯಲ್ಲಿ ಕೇಳಿ. ಯಮಹಾದ ಎನ್‌ಎಸ್-10 ಎಂಬ ಬಿಳಿ ವೂಫರಿನ ಸ್ಪೀಕರು 1978ರಲ್ಲಿ ಬಂದದ್ದು ಮನೆಯಲ್ಲಿ ಸಂಗೀತ ಕೇಳುವವರಿಗಾಗಿ. ಬೇಸ್ ಕಡಿಮೆ, ನಡುಸ್ತರ ಒರಟು. ಆದರೂ ಜಗತ್ತಿನ ಸ್ಟುಡಿಯೊಗಳಲ್ಲಿ ಅದು ದಶಕಗಳ ಕಾಲ ಉಳಿಯಿತು, ಏಕೆಂದರೆ ಕೆಲಸಗಾರರಿಗೆ ಅದರ ಗುಣದೋಷ ಬಾಯಿಪಾಠವಾಗಿತ್ತು. ನಿಮ್ಮ ಸ್ಪೀಕರಿನಲ್ಲೂ ಕೆಲಸ ಮಾಡುವುದಕ್ಕಿಂತ ಹೆಚ್ಚಾಗಿ ಬೇರೆಯವರ ಒಳ್ಳೆಯ ಕೆಲಸವನ್ನು ಕೇಳಿ ಕೆಲವು ವಾರ ಕಳೆಯಿರಿ.

ಧ್ವನಿಯ ಮಟ್ಟವನ್ನೂ ಒಂದೆಡೆ ನಿಲ್ಲಿಸಬೇಕು. ಮೆಲ್ಲನೆ ಕೇಳುವಾಗ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಗುಂಡಿಯನ್ನು ಪ್ರತಿದಿನ ಬೇರೆ ಬೇರೆ ಮಟ್ಟಕ್ಕೆ ತಿರುಗಿಸಿದರೆ ಬೇಸ್ ಬಗೆಗಿನ ತೀರ್ಪೂ ಬದಲಾಗುತ್ತಿರುತ್ತದೆ. ಚಿಕ್ಕ ಕೋಣೆಗೆ 75 ಡೆಸಿಬೆಲ್ ಆಸುಪಾಸು ಸಾಕು. ಗುಂಡಿಯ ಆ ಸ್ಥಾನಕ್ಕೆ ಒಂದು ಗುರುತು ಹಾಕಿಕೊಳ್ಳಿ.

ಕೋಣೆಯನ್ನು ಸರಿಪಡಿಸುವ ಅವಕಾಶವೇ ಇಲ್ಲದವರು, ರಾತ್ರಿ ಹೊತ್ತು ಕೆಲಸ ಮಾಡಬೇಕಾದವರು ಸಂಕೋಚವಿಲ್ಲದೆ ಹೆಡ್‌ಫೋನನ್ನೇ ಮುಖ್ಯ ಸಾಧನ ಮಾಡಿಕೊಳ್ಳಬಹುದು. ಮಿಕ್ಸಿಂಗ್ ಮತ್ತು ಮಾಸ್ಟರಿಂಗ್‌ಗೆ ಸೆನ್‌ಹೈಸರ್ ಎಚ್‌ಡಿ 600 ಅಥವಾ ಬೇಯರ್‌ಡೈನಾಮಿಕ್ ಡಿಟಿ 990ರಂಥ ಹಿಂಬದಿ ತೆರೆದವು ಸೂಕ್ತ. ಹಾಡುವವರ ಕಿವಿಗೆ ಸೋನಿ ಎಂಡಿಆರ್-7506 ಅಥವಾ ಡಿಟಿ 770ರಂಥ ಮುಚ್ಚಿದವು ಬೇಕು, ಇಲ್ಲವಾದರೆ ಹಿನ್ನೆಲೆಯ ತಾಳ ಮೈಕಿಗೆ ಸೋರುತ್ತದೆ. ಎಚ್‌ಡಿ 600ರ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 300 ಓಮ್. ಎಲ್ಲ ಇಂಟರ್‌ಫೇಸ್‌ಗಳ ಹೆಡ್‌ಫೋನ್ ಕಿಂಡಿಯೂ ಅದಕ್ಕೆ ಸಾಕಷ್ಟು ವೋಲ್ಟೇಜ್ ಕೊಡಲಾರದು, ಆದ್ದರಿಂದ ಎರಡನ್ನೂ ಜೋಡಿಸಿ ಕೇಳಿಯೇ ಕೊಳ್ಳಬೇಕು. ಹೆಡ್‌ಫೋನಿನ ಮಿತಿಯನ್ನೂ ತಿಳಿದಿರಬೇಕು: ಎಡಗಿವಿಗೆ ಎಡದ ಧ್ವನಿ ಮಾತ್ರ ತಲುಪುವುದರಿಂದ ಸ್ಟೀರಿಯೊ ಇರುವುದಕ್ಕಿಂತ ಅಗಲವಾಗಿ ತೋರುತ್ತದೆ, ಮೈಗೆ ತಾಗುವ ಆಳದ ಬೇಸ್ ಅನುಭವಕ್ಕೆ ಬರುವುದಿಲ್ಲ.

ಇಂಟರ್‌ಫೇಸ್ ಮತ್ತು ಕಂಪ್ಯೂಟರ್

ಆಡಿಯೊ ಇಂಟರ್‌ಫೇಸಿನಲ್ಲಿ ಮೊದಲು ನೋಡಬೇಕಾದದ್ದು ಡ್ರೈವರ್, ಅಂದರೆ ಅದನ್ನು ಕಂಪ್ಯೂಟರಿನೊಂದಿಗೆ ಮಾತಾಡಿಸುವ ತಂತ್ರಾಂಶ. ಮ್ಯಾಕ್‌ನಲ್ಲಿ ಕೋರ್ ಆಡಿಯೊ ವ್ಯವಸ್ಥೆಯೊಂದಿಗೇ ಬರುತ್ತದೆ. ವಿಂಡೋಸ್‌ನಲ್ಲಿ ತಯಾರಕರೇ ಬರೆದ ಎಎಸ್‌ಐಒ ಡ್ರೈವರ್ ಇಲ್ಲದ ಇಂಟರ್‌ಫೇಸನ್ನು ಕೊಳ್ಳಬಾರದು. ಹಾಡುಗಾರ ಹಾಡಿದ್ದು ಕಂಪ್ಯೂಟರಿನ ಮೂಲಕ ಅವನ ಕಿವಿಗೆ ಮರಳುವ ಹೊತ್ತನ್ನು ಬಫರ್, ಅಂದರೆ ಕಂಪ್ಯೂಟರು ಒಂದು ಸಲಕ್ಕೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳ (ಧ್ವನಿಯ ಒಂದೊಂದು ಅಳತೆಯ) ಗುಂಪು, ನಿರ್ಧರಿಸುತ್ತದೆ. 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್‌ಗಳ ಬಫರ್ ಎಂದರೆ ಸುಮಾರು 2.7 ಮಿಲಿಸೆಕೆಂಡ್, ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ, ಜೊತೆಗೆ ಧ್ವನಿಯನ್ನು ಅಂಕಿಗಳಿಗೂ ಅಂಕಿಗಳನ್ನು ಧ್ವನಿಗೂ ಬದಲಿಸುವ ಪರಿವರ್ತಕಗಳ ವಿಳಂಬ. ಒಟ್ಟು 10 ಮಿಲಿಸೆಕೆಂಡ್ ದಾಟಿದರೆ ಹಾಡುಗಾರರಿಗೆ ಕಿರಿಕಿರಿ ಶುರುವಾಗುತ್ತದೆ. ಮಿಕ್ಸಿಂಗ್ ಮತ್ತು ಮಾಸ್ಟರಿಂಗ್‌ನಲ್ಲಿ ಈ ಚಿಂತೆಯಿಲ್ಲ. ಬಫರನ್ನು 1024ಕ್ಕೆ ಏರಿಸಿ ಕಂಪ್ಯೂಟರಿಗೆ ಬಿಡುವು ಕೊಡಬಹುದು.

ಮೈಕಿನ ಕಿಂಡಿಗಳಲ್ಲಿ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕಿಗೆ ಹರಿಯುವ ವಿದ್ಯುತ್) ಇರಲಿ, ಕಂಡೆನ್ಸರ್ ಮೈಕುಗಳಿಗೆ ಅದು ಬೇಕೇ ಬೇಕು. ಶೂರ್ ಎಸ್‌ಎಂ7ಬಿಯಂಥ ಡೈನಾಮಿಕ್ ಮೈಕು 60 ಡೆಸಿಬೆಲ್‌ನಷ್ಟು ಗೇನ್ (ಹಿಗ್ಗಿಸುವಿಕೆ) ಕೇಳುತ್ತದೆ, ಆದ್ದರಿಂದ ಪ್ರೀಆಂಪ್‌ನ ಗರಿಷ್ಠ ಗೇನ್ ಎಷ್ಟೆಂದು ಓದಿಕೊಳ್ಳಿ. ಮಾಸ್ಟರಿಂಗ್ ಮಾತ್ರ ಮಾಡುವವರಿಗೆ ಸ್ಪೀಕರಿಗೆ ಹೋಗುವ ಎರಡು ಬ್ಯಾಲೆನ್ಸ್ಡ್ (ಹೊರಗಿನ ಗದ್ದಲ ತಗ್ಗಿಸುವ) ಲೈನ್ ಔಟ್ ಮತ್ತು ಒಳ್ಳೆಯ ಹೆಡ್‌ಫೋನ್ ಔಟ್ ಸಾಕು. ಪರಿವರ್ತಕದ ಗುಣಮಟ್ಟದ ಬಗ್ಗೆ ನಡೆಯುವ ಚರ್ಚೆಗೆ ಹೆಚ್ಚು ಕಿವಿಗೊಡಬೇಡಿ. ಇಂದಿನ ಸಾಧಾರಣ ಇಂಟರ್‌ಫೇಸ್‌ಗಳ ನಡುವಿನ ವ್ಯತ್ಯಾಸ, ಕುರ್ಚಿಯನ್ನು ಒಂದು ಗೇಣು ಸರಿಸುವುದರಿಂದ ಆಗುವ ವ್ಯತ್ಯಾಸಕ್ಕಿಂತ ಬಹಳ ಚಿಕ್ಕದು.

ಧ್ವನಿಮುದ್ರಣ 24 ಬಿಟ್‌ನಲ್ಲಿರಲಿ. ಒಂದೊಂದು ಬಿಟ್‌ಗೆ ಸುಮಾರು 6 ಡೆಸಿಬೆಲ್ ವ್ಯಾಪ್ತಿ; 16 ಬಿಟ್‌ಗೆ 96, 24 ಬಿಟ್‌ಗೆ ಲೆಕ್ಕದ ಪ್ರಕಾರ 144. ಇಷ್ಟು ಅಂತರವಿರುವುದರಿಂದ ಮೀಟರನ್ನು ಸೊನ್ನೆಯ ಹತ್ತಿರಕ್ಕೆ ಒಯ್ಯುವ ಅಗತ್ಯವಿಲ್ಲ, ಅತಿ ಜೋರಿನ ಜಾಗ ಮೈನಸ್ 10ರಿಂದ 12 ಡೆಸಿಬೆಲ್‌ನಲ್ಲಿದ್ದರೂ ಏನೂ ನಷ್ಟವಾಗದು. ಸ್ಯಾಂಪಲ್ ರೇಟ್ ಸಿಡಿಗೆ 44.1 ಕಿಲೋಹರ್ಟ್ಜ್, ವಿಡಿಯೊಗೆ 48. ಸ್ಯಾಂಪಲ್ ರೇಟ್‌ನ ಅರ್ಧದವರೆಗಿನ ಕಂಪನಾಂಕಗಳು ದಾಖಲಾಗುವುದರಿಂದ, 20 ಕಿಲೋಹರ್ಟ್ಜ್‌ವರೆಗೆ ಕೇಳುವ ಮನುಷ್ಯನ ಕಿವಿಗೆ ಇವೆರಡೂ ಸಾಲುತ್ತವೆ. 96ಕ್ಕೆ ಏರಿಸಿದರೆ ಕಡತದ ಗಾತ್ರವೂ ಕಂಪ್ಯೂಟರಿನ ಹೊರೆಯೂ ಇಮ್ಮಡಿಯಾಗುತ್ತವೆ.

ಕಂಪ್ಯೂಟರಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಒಂದು ಟ್ರ್ಯಾಕಿನ ಮೇಲಿನ ಪ್ಲಗಿನ್‌ಗಳು ಒಂದರ ನಂತರ ಒಂದು ಲೆಕ್ಕ ಮಾಡಬೇಕಾದ್ದರಿಂದ, ಪ್ರೊಸೆಸರಿನಲ್ಲಿ ಕೋರ್‌ಗಳ ಸಂಖ್ಯೆಯಷ್ಟೇ ಒಂದೊಂದು ಕೋರಿನ ವೇಗವೂ ಮುಖ್ಯ. 16 ಜಿಬಿ ರ‍್ಯಾಮ್ ಸಾಕು. ದೊಡ್ಡ ವಾದ್ಯ ಸಂಗ್ರಹಗಳನ್ನು ನುಡಿಸುವವರಿಗೆ 32 ಅಥವಾ ಹೆಚ್ಚು ಬೇಕು. 48 ಕಿಲೋಹರ್ಟ್ಜ್, 24 ಬಿಟ್‌ನ ಒಂದು ಮೋನೊ ಟ್ರ್ಯಾಕು ನಿಮಿಷಕ್ಕೆ 8.6 ಎಂಬಿ ತುಂಬುತ್ತದೆ, ಹದಿನಾರು ಟ್ರ್ಯಾಕು ಗಂಟೆಗೆ ಸುಮಾರು 8.3 ಜಿಬಿ; ಈ ಲೆಕ್ಕದಿಂದ ಎಸ್‌ಎಸ್‌ಡಿಯನ್ನೂ ಪ್ರತಿ ಇಡುವ ಬೇರೆ ಡಿಸ್ಕನ್ನೂ ಕೊಳ್ಳಿ. ಫ್ಯಾನಿನ ಸದ್ದು ಕಡಿಮೆಯಿರಲಿ, ಅದು ಮೈಕಿನಲ್ಲೂ ಕಿವಿಯಲ್ಲೂ ಕೂರುತ್ತದೆ. ವಿಂಡೋಸ್ ಯಂತ್ರದಲ್ಲಿ ಚಟಪಟ ಶಬ್ದ ಬರುತ್ತಿದ್ದರೆ ಹೊಸ ಯಂತ್ರ ಕೊಳ್ಳುವ ಮೊದಲು ಲೇಟೆನ್ಸಿಮಾನ್ ಎಂಬ ತಂತ್ರಾಂಶ ಓಡಿಸಿ ನೋಡಿ. ಅನೇಕ ಸಲ ವೈಫೈ ಡ್ರೈವರೇ ಕಾರಣವಾಗಿರುತ್ತದೆ.

ತಂತ್ರಾಂಶ

ಮುಖ್ಯ ತಂತ್ರಾಂಶಗಳಲ್ಲಿ ಒಂದು ಇನ್ನೊಂದಕ್ಕಿಂತ ಚೆನ್ನಾಗಿ ಕೇಳಿಸುತ್ತದೆ ಎಂಬ ಮಾತನ್ನು ನಂಬಬೇಡಿ. ಇವತ್ತಿನವೆಲ್ಲ 32 ಅಥವಾ 64 ಬಿಟ್ ಫ್ಲೋಟಿಂಗ್ ಪಾಯಿಂಟ್ ಲೆಕ್ಕದಲ್ಲಿ ಧ್ವನಿಗಳನ್ನು ಕೂಡಿಸುತ್ತವೆ. ಅನುಮಾನವಿದ್ದರೆ ನೀವೇ ಪರೀಕ್ಷಿಸಬಹುದು: ಒಂದೇ ಕಡತಗಳನ್ನು ಎರಡು ತಂತ್ರಾಂಶಗಳಲ್ಲಿ ಒಂದೇ ಮಟ್ಟದಲ್ಲಿಟ್ಟು ಹೊರತೆಗೆಯಿರಿ, ಒಂದರ ಪೋಲಾರಿಟಿ (ತರಂಗದ ಮೇಲುಕೆಳಗು) ತಿರುಗಿಸಿ ಎರಡನ್ನೂ ಒಟ್ಟಿಗೆ ನುಡಿಸಿ. ಮೌನ ಉಳಿದರೆ ಎರಡೂ ಒಂದೇ. ಸದ್ದು ಉಳಿದರೆ, ಧ್ವನಿಯನ್ನು ಎಡಬಲಕ್ಕೆ ಸರಿಸುವ ಪ್ಯಾನ್ ಗುಂಡಿ ನಡುವಿನಲ್ಲಿದ್ದಾಗ ಎಷ್ಟು ತಗ್ಗಿಸಬೇಕೆಂಬ ನಿಯಮ ಎರಡರಲ್ಲೂ ಬೇರೆಯಿರುವುದೇ ಸಾಮಾನ್ಯವಾದ ಕಾರಣ.

ಹಾಗಾಗಿ ಆಯ್ಕೆಯನ್ನು ಕೆಲಸದ ರೀತಿ ನಿರ್ಧರಿಸಲಿ. ಬೇರೆ ಸ್ಟುಡಿಯೊಗಳೊಂದಿಗೆ ಕಡತ ಹಂಚಿಕೊಳ್ಳುವವರಿಗೆ, ಚಿತ್ರದ ಧ್ವನಿ ಮಾಡುವವರಿಗೆ ಪ್ರೊ ಟೂಲ್ಸ್ ಬೇಕಾಗಬಹುದು. ಲಾಜಿಕ್‌ನಲ್ಲಿ ವಾದ್ಯಗಳ ಸಂಪತ್ತು ದೊಡ್ಡದು, ಆದರೆ ಅದು ಆಪಲ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತದೆ. ಲೂಪ್‌ಗಳಿಂದ ಕಟ್ಟುವವರಿಗೆ, ವೇದಿಕೆಯಲ್ಲಿ ನುಡಿಸುವವರಿಗೆ ಏಬಲ್‌ಟನ್ ಲೈವ್ ಒಪ್ಪುತ್ತದೆ. ಸ್ವರ ಬರೆದು ರಚಿಸುವವರು ಕ್ಯೂಬೇಸ್ ನೋಡಲಿ. ಆರಂಭಿಸುವವರಿಗೆ ನಾನು ಹೇಳುವುದು ರೀಪರ್: 60 ದಿನ ಯಾವ ಕಟ್ಟುಪಾಡೂ ಇಲ್ಲದೆ ಬಳಸಿ ನೋಡಬಹುದು, ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ. ಮುಕ್ತ ತಂತ್ರಾಂಶವೇ ಬೇಕೆನ್ನುವವರಿಗೆ ಆರ್ಡರ್ ಇದೆ, ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. 1995ರಿಂದ ಬಳಕೆಯಲ್ಲಿರುವ ವೇವ್‌ಲ್ಯಾಬ್‌ನಂಥ ಮಾಸ್ಟರಿಂಗ್‌ಗೇ ಮೀಸಲಾದ ತಂತ್ರಾಂಶ ಬೇಕಾಗುವುದು ಇಡೀ ಆಲ್ಬಂ ಸಿದ್ಧಪಡಿಸುವಾಗ: ಹಾಡುಗಳ ನಡುವಿನ ಬಿಡುವು, ಪ್ರತಿ ಹಾಡಿನ ಗುರುತಾದ ಐಎಸ್‌ಆರ್‌ಸಿ ಸಂಖ್ಯೆ, ಸಿಡಿ ಕಾರ್ಖಾನೆ ಕೇಳುವ ಡಿಡಿಪಿ ಪ್ರತಿ, ಇವನ್ನೆಲ್ಲ ಅದು ಒಂದೇ ಕಡೆ ನೋಡಿಕೊಳ್ಳುತ್ತದೆ. ಒಂದೊಂದೇ ಹಾಡನ್ನು ಬಿಡುಗಡೆ ಮಾಡುವವರಿಗೆ ಅದರ ಅಗತ್ಯವಿಲ್ಲ.

ಪ್ಲಗಿನ್ ಕೊಳ್ಳುವ ಮುನ್ನ ಅದು ನಿಮ್ಮ ತಂತ್ರಾಂಶದ ರೂಪದಲ್ಲಿದೆಯೇ ನೋಡಿ: ವಿಎಸ್‌ಟಿ ಹೆಚ್ಚಿನ ಕಡೆ ನಡೆಯುತ್ತದೆ, ಲಾಜಿಕ್‌ಗೆ ಎಯು, ಪ್ರೊ ಟೂಲ್ಸ್‌ಗೆ ಎಎಎಕ್ಸ್ ಬೇಕು. ಮಾಸ್ಟರಿಂಗ್‌ಗೆ ಬೇಕಾದವು ಕೆಲವೇ: ಈಕ್ವಲೈಸರ್, ಕಂಪ್ರೆಸರ್, ಟ್ರೂ ಪೀಕ್ (ಸ್ಯಾಂಪಲ್‌ಗಳ ನಡುವೆಯೂ ಏಳುವ ನಿಜವಾದ ಶಿಖರ) ಹಿಡಿದು ಮಿತಿ ದಾಟದಂತೆ ತಡೆಯುವ ಲಿಮಿಟರ್, ಕಿವಿಗೆ ಎಷ್ಟು ಜೋರೆಂದು ಅಳೆಯುವ ಲೌಡ್‌ನೆಸ್ ಮೀಟರ್, ಕಂಪನಾಂಕಗಳ ಚಿತ್ರ ತೋರಿಸುವ ಅನಲೈಸರ್. ಟಿಡಿಆರ್ ನೋವಾ, ವಾಕ್ಸೆಂಗೊ ಸ್ಪ್ಯಾನ್, ಯೂಲೀನ್ ಲೌಡ್‌ನೆಸ್ ಮೀಟರ್ ಮೂರೂ ಉಚಿತವಾಗಿ ಸಿಗುತ್ತವೆ, ಮೂರೂ ವೃತ್ತಿಪರ ಕೆಲಸಕ್ಕೆ ಸಾಲುತ್ತವೆ. ಹಣ ಕೊಟ್ಟು ಕೊಳ್ಳುವ ಮೊದಲ ಪ್ಲಗಿನ್ ಒಳ್ಳೆಯ ಲಿಮಿಟರ್ ಆಗಿರಲಿ. ಓಝೋನ್ ಎಂಬ ಮಾಸ್ಟರಿಂಗ್ ತಂತ್ರಾಂಶದಲ್ಲಿರುವಂಥ ಸ್ವಯಂಚಾಲಿತ ಸಹಾಯಕವನ್ನು ಎರಡನೆಯ ಅಭಿಪ್ರಾಯವಾಗಿ ಬಳಸಬಹುದು. ಹಾಡಿನ ಆಶಯ ಅದಕ್ಕೆ ಗೊತ್ತಿಲ್ಲವಾದ್ದರಿಂದ ಅದರ ತೀರ್ಮಾನವೇ ಕೊನೆಯದಾಗಬಾರದು.

ಯಾವುದೇ ಪ್ಲಗಿನ್ ಪರೀಕ್ಷಿಸುವಾಗ ಮೊದಲು ಮತ್ತು ನಂತರದ ಧ್ವನಿಮಟ್ಟವನ್ನು ಸಮ ಮಾಡಿಕೊಂಡೇ ಹೋಲಿಸಿ. ಒಂದೇ ಡೆಸಿಬೆಲ್ ಜೋರಾದರೂ ಕಿವಿ ಅದನ್ನು ಉತ್ತಮವೆಂದು ಒಪ್ಪಿಬಿಡುತ್ತದೆ, ಮತ್ತು ಅನೇಕ ಪ್ಲಗಿನ್‌ಗಳು ಹಚ್ಚಿದ ಕೂಡಲೇ ಧ್ವನಿಯನ್ನು ಅಷ್ಟು ಏರಿಸುತ್ತವೆ. ಮಟ್ಟ ಸಮ ಮಾಡಿದ ಮೇಲೂ ಇಷ್ಟವಾದದ್ದನ್ನು ಕೊಳ್ಳಿ. ಈ ಒಂದು ಅಭ್ಯಾಸ ನನ್ನ ಹಲವು ಖರೀದಿಗಳನ್ನು ತಪ್ಪಿಸಿದೆ.

ಮೀಟರಿನ ಅಗತ್ಯವನ್ನೂ ಒಂದಿಷ್ಟು ವಿವರಿಸಬೇಕು. ಲೌಡ್‌ನೆಸ್ ಅಳೆಯುವ, ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಐಟಿಯು-ಆರ್ ಬಿಎಸ್.1770 ಮಾನದಂಡ 2006ರಲ್ಲಿ ಬಂತು. ಅದನ್ನಾಧರಿಸಿ 2010ರಲ್ಲಿ ಯುರೋಪಿನ ಪ್ರಸಾರಕರ ಒಕ್ಕೂಟ ಆರ್ 128 ಶಿಫಾರಸಿನಲ್ಲಿ ಪ್ರಸಾರಕ್ಕೆ ಮೈನಸ್ 23 ಎಲ್‌ಯುಎಫ್‌ಎಸ್ (ಲೌಡ್‌ನೆಸ್‌ನ ಮಾನ) ಗೊತ್ತುಮಾಡಿತು. ಸ್ಪಾಟಿಫೈ ತನ್ನ ಸಾಮಾನ್ಯ ಹೊಂದಾಣಿಕೆಯಲ್ಲಿ ಹಾಡುಗಳನ್ನು ಮೈನಸ್ 14ರ ಮಟ್ಟಕ್ಕೆ ತರುತ್ತದೆ. ಅದಕ್ಕಿಂತ ಜೋರಾಗಿ ಹಿಂಡಿದ ಹಾಡನ್ನು ಅದು ತಗ್ಗಿಸಿಯೇ ನುಡಿಸುವುದರಿಂದ, ಹಿಂಡಿ ಕಳೆದುಕೊಂಡ ಜೀವ ಮಾತ್ರ ಕಳೆದೇ ಹೋಗಿರುತ್ತದೆ. ಎಲ್ಲ ಹಾಡನ್ನೂ ಮೈನಸ್ 14ಕ್ಕೆ ಇಳಿಸಬೇಕೆಂದು ಇದರ ಅರ್ಥವಲ್ಲ. ಎಷ್ಟು ಜೋರು ಎಂಬುದನ್ನು ಹಾಡಿನ ಸ್ವಭಾವ ಹೇಳಲಿ, ಲಿಮಿಟರಿನ ಜಾಹೀರಾತು ಹೇಳುವುದು ಬೇಡ. ಟ್ರೂ ಪೀಕ್ ಮೈನಸ್ 1 ಡೆಸಿಬೆಲ್ ಮೀರದಂತೆ ನೋಡಿಕೊಳ್ಳಿ, ಏಕೆಂದರೆ ಕಡತವನ್ನು ಸಂಕುಚಿತಗೊಳಿಸುವಾಗ ಶಿಖರಗಳು ಇನ್ನಷ್ಟು ಏರಬಹುದು. 16 ಬಿಟ್‌ಗೆ ಇಳಿಸುವಾಗ ಡಿದರ್ (ಇಳಿಸುವಾಗಿನ ದೋಷವನ್ನು ಮರೆಸುವ ಅತಿ ಸಣ್ಣ ಗದ್ದಲ) ಹಾಕಿ, ಒಂದೇ ಸಲ, ಎಲ್ಲ ಕೆಲಸ ಮುಗಿದ ಮೇಲೆ.

ಅನಲಾಗ್ ಈಕ್ವಲೈಸರ್, ಕಂಪ್ರೆಸರ್ ಯಂತ್ರಗಳನ್ನು ಕೋಣೆ ಮತ್ತು ಸ್ಪೀಕರು ಸಿದ್ಧವಾಗುವವರೆಗೆ ಮುಂದೂಡಿ. ಕೊಂಡರೆ, ಗುಂಡಿಗಳು ಮೆಟ್ಟಿಲುಮೆಟ್ಟಿಲಾಗಿ ತಿರುಗುವಂಥವನ್ನೇ ಕೊಳ್ಳಿ. ಆರು ತಿಂಗಳ ನಂತರ ಅದೇ ಹಾಡು ತಿದ್ದುಪಡಿಗೆ ಬಂದಾಗ ಬರೆದಿಟ್ಟ ಸ್ಥಾನಕ್ಕೆ ಮರಳಲು ಅದೇ ಸುಲಭದ ದಾರಿ.

ಹಳೆಯ ಸಲಕರಣೆ ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಪರೀಕ್ಷಿಸುವ ಕ್ರಮ ಗೊತ್ತಿರಬೇಕು. ಸ್ಪೀಕರಿಗೆ 30 ಹರ್ಟ್ಜ್‌ನಿಂದ ಮೇಲಕ್ಕೆ ನಿಧಾನವಾಗಿ ಏರುವ ಶುದ್ಧ ಸ್ವರವನ್ನು ಮಧ್ಯಮ ಮಟ್ಟದಲ್ಲಿ ನುಡಿಸಿ, ಎಲ್ಲಾದರೂ ಗರಗರ ಎಂದರೆ ಬಿಟ್ಟುಬಿಡಿ; ಎಡ ಮತ್ತು ಬಲ ಎರಡನ್ನೂ ಒಂದೇ ಜಾಗದಲ್ಲಿಟ್ಟು ಹೋಲಿಸಿ. ಇಂಟರ್‌ಫೇಸ್ ಆದರೆ ನಿಮ್ಮ ಕಂಪ್ಯೂಟರಿನ ಈಗಿನ ವ್ಯವಸ್ಥೆಗೆ ತಯಾರಕರು ಡ್ರೈವರ್ ಕೊಡುತ್ತಿದ್ದಾರೆಯೇ ನೋಡಿ, ಪ್ರತಿಯೊಂದು ಕಿಂಡಿಗೂ ಮೈಕು ಸಿಕ್ಕಿಸಿ ಫ್ಯಾಂಟಮ್ ಪವರ್ ಪರೀಕ್ಷಿಸಿ, ಗೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಕರಕರ ಶಬ್ದವಿದೆಯೇ ಎಂದು ಹೆಡ್‌ಫೋನಿನಲ್ಲಿ ಕೇಳಿ. ಪ್ಲಗಿನ್ ಪರವಾನಗಿಯನ್ನು ಬೇರೆಯವರಿಂದ ಪಡೆಯುವುದಾದರೆ ವರ್ಗಾವಣೆಗೆ ತಯಾರಕರ ಒಪ್ಪಿಗೆ ಇದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ ತಿಳಿದುಕೊಳ್ಳಿ.